ಮೆರ್ಲೊ ಎನಿಸಿಕೊಂಡ ಕಾರ್ಮೆನೇರ್: ಚಿಲಿಯ ಕೊಲ್ಚಾಗ್ವಾ ಕಣಿವೆಯ ಕೆಂಪು ವೈನು

ಮುಂಬಯಿ, ದೆಹಲಿಗಳ ದೊಡ್ಡ ಅಂಗಡಿಗಳಲ್ಲಿ ಚಿಲಿ ದೇಶದ ಕೆಂಪು ವೈನು ಈಗ ಅಪರೂಪವಲ್ಲ. ಕೆಲವು ಸೀಸೆಗಳ ಚೀಟಿಯ ಮೇಲೆ 'ಕಾರ್ಮೆನೇರ್' ಎಂಬ ಹೆಸರಿರುತ್ತದೆ. ಸೇವಿಸುವವರಿಗೂ ಸೇವಿಸದವರಿಗೂ ರುಚಿಸಬಹುದಾದ ವೃತ್ತಾಂತವೊಂದು ಈ ಹೆಸರಿನ ಹಿಂದಿರುವುದರಿಂದ ಅದನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

ಕಾರ್ಮೆನೇರ್ ಮೂಲತಃ ಫ್ರಾನ್ಸಿನ ಬೋರ್ಡೊ ಪ್ರಾಂತ್ಯದ ದ್ರಾಕ್ಷಿ. ಬಲು ನಿಧಾನವಾಗಿ ಮಾಗುವ ತಳಿ. ಅಲ್ಲಿನ ತಂಪು ಮಳೆಗೆ ಹೂ ಉದುರಿ ಫಸಲು ಕೈಕೊಡುವುದು ಸಾಮಾನ್ಯವಾಗಿತ್ತು. 1860ರ ದಶಕದಲ್ಲಿ ಫೈಲೊಕ್ಸೆರ ಎಂಬ ಹೇನಿನಂಥ ಕೀಟವು ಫ್ರಾನ್ಸಿಗೆ ನುಗ್ಗಿ ಬಳ್ಳಿಗಳ ಬೇರನ್ನೇ ಹಾಳುಗೆಡವತೊಡಗಿತು. ಮುಂದೆ ಅಮೆರಿಕದ ಬೇರಿಗೆ ಕಸಿಮಾಡಿ ತೋಟಗಳನ್ನು ಮತ್ತೆ ಎಬ್ಬಿಸಿದಾಗ ರೈತರು ನೆಚ್ಚಬಹುದಾದ ತಳಿಗಳನ್ನೇ ನೆಟ್ಟರು. ಕಾರ್ಮೆನೇರ್ ತವರಿನಲ್ಲಿ ಹೆಚ್ಚುಕಡಿಮೆ ಅಳಿದೇಹೋಯಿತು.

ಆದರೆ ಆ ಕೀಟ ಬರುವ ಮೊದಲೇ ಚಿಲಿಯ ಸಿರಿವಂತರು ಬೋರ್ಡೊ ಬಳ್ಳಿಗಳನ್ನು ತಮ್ಮ ನಾಡಿಗೆ ಒಯ್ದಿದ್ದರು. ಪೂರ್ವಕ್ಕೆ ಆಂಡಿಸ್ ಪರ್ವತ, ಪಶ್ಚಿಮಕ್ಕೆ ಶಾಂತಸಾಗರ, ಉತ್ತರಕ್ಕೆ ಅಟಕಾಮ ಮರುಭೂಮಿಯಿರುವ ಆ ನಾಡಿನಲ್ಲಿ ಫೈಲೊಕ್ಸೆರ ನೆಲೆಯೂರಲಿಲ್ಲ. ಅಲ್ಲಿ ಕಾರ್ಮೆನೇರ್ ಉಳಿಯಿತು. ಹೆಸರು ಮಾತ್ರ ಕಳೆದುಹೋಯಿತು. ತನ್ನನ್ನೇ ಹೋಲುವ ಮೆರ್ಲೊ ತಳಿಯೊಡನೆ ಬೆರೆತು ಅದೂ ಮೆರ್ಲೊ ಎನಿಸಿಕೊಂಡಿತು.

ಹೆಸರು ತಪ್ಪಿದರೇನಂತೆ ಎನ್ನುವಂತಿಲ್ಲ. ಕಾರ್ಮೆನೇರ್ ಮಾಗುವುದು ಮೆರ್ಲೊ ಮಾಗಿದ ಮೂರು ನಾಲ್ಕು ವಾರಗಳ ತರುವಾಯ. ಎರಡನ್ನೂ ಒಟ್ಟಿಗೇ ಕೊಯ್ದರೆ, ಅರೆಮಾಗಿದ ಹಣ್ಣಿನಲ್ಲಿರುವ ಪೈರಾಜಿನ್ ಎಂಬ ವಸ್ತುವಿನಿಂದ ವೈನಿಗೆ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ. ಚಿಲಿಯ ಮೆರ್ಲೊ ಎಂದರೆ ಹೀಗೆಯೇ ಎಂದು ಕುಡಿಯುವವರು ಭಾವಿಸಿದ್ದರು! 1994ರ ನವೆಂಬರಿನಲ್ಲಿ ಫ್ರಾನ್ಸಿನ ತಳಿತಜ್ಞ ಜಾನ್ ಮಿಷೆಲ್ ಬೂರ್ಸಿಕೊ ಅವರು ಮೈಪೊ ಕಣಿವೆಯ ತೋಟವೊಂದರಲ್ಲಿ ಬಳ್ಳಿಗಳನ್ನು ಪರೀಕ್ಷಿಸಿ, ಇದು ಕಾರ್ಮೆನೇರ್ ಎಂದು ಗುರುತಿಸಿದರು. ಬೆಳೆಗಾರರಿಗೆ ಇದು ಸಿಹಿಸುದ್ದಿಯೇನಾಗಿರಲಿಲ್ಲ. ಮೆರ್ಲೊ ಹೆಸರಿಗೆ ಗಿರಾಕಿಗಳಿದ್ದರು, ಕಾರ್ಮೆನೇರನ್ನು ಕೇಳುವವರಾರು?

ಈ ತಳಿ ಬೇಡುವ ತಾಳ್ಮೆಗೆ ಒದಗಿಬಂದ ನೆಲಗಳಲ್ಲಿ ಕೊಲ್ಚಾಗ್ವಾ ಪ್ರಮುಖವಾದುದು. ಸ್ಯಾಂಟಿಯಾಗೊ ನಗರದ ದಕ್ಷಿಣಕ್ಕೆ, ತಿಂಗಿರಿರಿಕಾ ನದಿಯ ಬಯಲಿನಲ್ಲಿ ಹಬ್ಬಿರುವ ಈ ಕಣಿವೆಯಲ್ಲಿ ಬೇಸಿಗೆ ದೀರ್ಘ, ಮಳೆ ವಿರಳ. ಆಂಡಿಸ್‌ನ ಹಿಮ ಕರಗಿ ನೀರು ಒದಗುತ್ತದೆ. ಸಂಜೆಗೆ ಕಡಲಿನ ತಂಗಾಳಿ ಬೀಸಿ ಹಣ್ಣಿನ ಹುಳಿಯನ್ನು ಕಾಪಾಡುತ್ತದೆ. ದಕ್ಷಿಣ ಗೋಳಾರ್ಧವಾದುದರಿಂದ ಕಾರ್ಮೆನೇರಿನ ಕೊಯ್ಲು ನಮ್ಮ ಯುಗಾದಿ ಕಳೆದ ಮೇಲೆ, ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ ಬರುತ್ತದೆ. ಚಳಿಗಾಲದ ಮಳೆ ಹಿಡಿಯುವವರೆಗೆ ಕಾಯಬಲ್ಲವನಿಗೆ ಮೆಣಸಿನಕಾಯಿಯ ವಾಸನೆಯಡಗಿ, ಕಪ್ಪು ಹಣ್ಣು, ಕೋಕೊ, ಸಂಬಾರಗಳ ಪರಿಮಳವೂ ಮೃದುವಾದ ಒಗರೂ ದೊರೆಯುತ್ತವೆ.

ಈ ಕಣಿವೆಯ ಅಪಾಲ್ತಾ ಎಂಬಲ್ಲಿ ತಯಾರಾದ, ಕಾರ್ಮೆನೇರ್ ಪ್ರಧಾನವಾಗಿದ್ದ 'ಕ್ಲೊ ಅಪಾಲ್ತಾ' 2005ನ್ನು ಅಮೆರಿಕದ 'ವೈನ್ ಸ್ಪೆಕ್ಟೇಟರ್' ಪತ್ರಿಕೆಯು 2008ರಲ್ಲಿ ವರ್ಷದ ವೈನೆಂದು ಆರಿಸಿತು. ಅದಕ್ಕೆ ಸಲಹೆಗಾರರಾಗಿದ್ದ ಬೋರ್ಡೊದ ಮಿಷೆಲ್ ರೋಲಾನ್ ಅವರೇ ನಮ್ಮ ನಂದಿಬೆಟ್ಟದ ಬಳಿಯ ಗ್ರೋವರ್ ತೋಟಕ್ಕೂ ಸಲಹೆಯಿತ್ತವರೆಂಬುದು ಕನ್ನಡಿಗರಿಗೆ ಕುತೂಹಲದ ಸಂಗತಿ.

ಸವಿಯಲಿಚ್ಛಿಸುವವರಿಗೆ ಒಂದು ಮಾತು: ನಮ್ಮ ನಗರಗಳ ಸೆಕೆಯಲ್ಲಿ ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿರಿಸಿ, 16ರಿಂದ 18 ಡಿಗ್ರಿಯಲ್ಲಿ ಬಡಿಸುವುದು ಲೇಸು. ಆಗಲೂ ಹಸಿಮೆಣಸಿನಕಾಯಿಯೇ ಮೂಗಿಗೆ ಬಡಿದರೆ, ಆ ತೋಟದವರು ಕೊಯ್ಲಿಗೆ ಅವಸರಪಟ್ಟರೆಂದು ತಿಳಿಯಬಹುದು.