ಜೇ ಕಾಟ್ಜ್: ರೋಗಿಯ ಒಪ್ಪಿಗೆಗೆ ಅರ್ಥ ತುಂಬಿದ ವೈದ್ಯ

ಅಮೆರಿಕದ ಮನೋವೈದ್ಯ ಜೇ ಕಾಟ್ಜ್ ಯೇಲ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ವೈದ್ಯರು ರೋಗಿಗೆ ಏನೇನು ತಿಳಿಸಬೇಕು, ಅವರ ಒಪ್ಪಿಗೆಯನ್ನು ಹೇಗೆ ಪಡೆಯಬೇಕು ಎಂಬುದೇ ಅವರ ಜೀವಮಾನದ ಅಧ್ಯಯನವಾಗಿತ್ತು.

1922ರಲ್ಲಿ ಜರ್ಮನಿಯ ಜ್ವಿಕಾವ್‌ನ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಕಾಟ್ಜ್, ನಾಜಿಗಳ ಕೈಗೆ ಸಿಗದೆ ಪಾರಾಗಿ 1940ರಲ್ಲಿ ಅಮೆರಿಕ ಸೇರಿದರು. 1949ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯಪದವಿ ಪಡೆದರು. ಅದಕ್ಕೆ ಎರಡು ವರ್ಷ ಮುಂಚೆ ನ್ಯೂರೆಂಬರ್ಗ್ ನ್ಯಾಯಾಲಯ, ಸೆರೆಶಿಬಿರಗಳಲ್ಲಿ ಕ್ರೂರ ಪ್ರಯೋಗ ನಡೆಸಿದ ನಾಜಿ ವೈದ್ಯರನ್ನು ಶಿಕ್ಷಿಸಿ, ಮನುಷ್ಯರ ಮೇಲಿನ ಪ್ರಯೋಗಕ್ಕೆ ಅವರ ಸ್ವಇಚ್ಛೆಯ ಒಪ್ಪಿಗೆ ಇರಲೇಬೇಕೆಂಬ ಸಂಹಿತೆಯನ್ನು ಸಾರಿತ್ತು. ಆ ಸಂಹಿತೆ ನಾಜಿಗಳಂಥ ಕಟುಕರಿಗೆ ಮಾತ್ರ ಎಂದುಕೊಂಡು ಅಮೆರಿಕದ ವೈದ್ಯಲೋಕ ಸುಮ್ಮನಿದ್ದದ್ದನ್ನು ಕಾಟ್ಜ್ ಮುಂದೆ ಕಟುವಾಗಿ ಟೀಕಿಸಿದರು.

ಅವರ ಆತಂಕಕ್ಕೆ ಕಾರಣಗಳು ಅಮೆರಿಕದಲ್ಲೇ ಇದ್ದವು. 1963ರಲ್ಲಿ ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ 22 ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಯಿತು. ಅವು ಕ್ಯಾನ್ಸರ್ ಕೋಶಗಳು ಎಂಬುದನ್ನು ಮಾತ್ರ ಯಾರೂ ಅವರಿಗೆ ಹೇಳಲಿಲ್ಲ. ಈ ಪ್ರಕರಣದ ದಾಖಲೆಗಳಿಗೆ ಕಾಟ್ಜ್ 1972ರ ತಮ್ಮ ಬೃಹತ್ ಗ್ರಂಥದಲ್ಲಿ ಪ್ರಮುಖ ಸ್ಥಾನ ಕೊಟ್ಟರು. ಮಾನವ ಪ್ರಯೋಗಗಳ ಕುರಿತ ಸಾವಿರಕ್ಕೂ ಹೆಚ್ಚು ಪುಟಗಳ ಆ ಗ್ರಂಥ ಕಾನೂನು ಮತ್ತು ವೈದ್ಯಕೀಯ ಎರಡೂ ಕ್ಷೇತ್ರಗಳಿಗೆ ಆಕರವಾಯಿತು.

ಅದೇ ವರ್ಷ ಟಸ್ಕೆಗೀ ಪ್ರಕರಣ ಬಯಲಾಯಿತು. ಅಲಬಾಮಾ ರಾಜ್ಯದಲ್ಲಿ ಸಿಫಿಲಿಸ್ ತಗುಲಿದ್ದ 399 ಬಡ ಕಪ್ಪುಜನರನ್ನು ಸರ್ಕಾರದ ಆರೋಗ್ಯ ಸೇವೆ 1932ರಿಂದ 40 ವರ್ಷ ಸರಿಯಾದ ಚಿಕಿತ್ಸೆ ಕೊಡದೆ ಗಮನಿಸುತ್ತಿತ್ತು. ನಿಮ್ಮ ರಕ್ತ ಕೆಟ್ಟಿದೆ ಎಂದಷ್ಟೇ ಹೇಳಿ, ಬೆನ್ನುಹುರಿಯ ನೀರು ತೆಗೆಯುವ ನೋವಿನ ಪರೀಕ್ಷೆಯನ್ನೇ ವಿಶೇಷ ಉಚಿತ ಚಿಕಿತ್ಸೆ ಎಂದು ನಂಬಿಸಿತ್ತು. ಪೆನಿಸಿಲಿನ್ ಬಂದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. ತನಿಖಾ ಸಮಿತಿಯ ಸದಸ್ಯರಾಗಿದ್ದ ಕಾಟ್ಜ್‌ಗೆ ಸಮಿತಿಯ ವರದಿ ಮೆದುವೆನಿಸಿತು. ಆ ಜನರನ್ನು ವಂಚಿಸಿ, ಶೋಷಿಸಿ ಬಳಸಿಕೊಳ್ಳಲಾಗಿದೆ ಎಂದು ಅವರು ಪ್ರತ್ಯೇಕ ಟಿಪ್ಪಣಿಯಲ್ಲಿ ನೇರವಾಗಿ ಬರೆದರು. ಮುಂದೆ 1974ರಲ್ಲಿ ಸಂಶೋಧನೆಗೆ ಒಳಪಡುವವರ ರಕ್ಷಣೆಗೆ ಕಾನೂನು ಬಂತು. ಆದರೆ ಸಮಿತಿ ಸೂಚಿಸಿದ್ದ ಅಧಿಕಾರಯುತ ರಾಷ್ಟ್ರೀಯ ಮಂಡಳಿ ರಚನೆಯಾಗಲೇ ಇಲ್ಲ.

1984ರಲ್ಲಿ ಪ್ರಕಟವಾದ ‘ವೈದ್ಯ ಮತ್ತು ರೋಗಿಯ ಮೌನ ಜಗತ್ತು’ ಕಾಟ್ಜ್ ಅವರ ಮುಖ್ಯ ಕೃತಿ. ಅದರಲ್ಲಿ ಸ್ತನ ಕ್ಯಾನ್ಸರ್ ಇದ್ದ 21ರ ತರುಣಿಯೊಬ್ಬಳ ಪ್ರಸಂಗ ಬರುತ್ತದೆ. ಸ್ತನವನ್ನು ಪೂರ್ತಿ ತೆಗೆಯಲು ನಿರ್ಧರಿಸಿದ್ದ ಶಸ್ತ್ರವೈದ್ಯ, ಮನಸ್ಸು ಒಪ್ಪದೆ, ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಬೇರೆ ಚಿಕಿತ್ಸೆಗಳೂ ಇವೆಯೆಂದು ಅವಳಿಗೆ ವಿವರಿಸುತ್ತಾನೆ. ಅವಳು ಸ್ತನ ಉಳಿಸುವ ಚಿಕಿತ್ಸೆಯನ್ನು ಆರಿಸಿಕೊಳ್ಳುತ್ತಾಳೆ. ಆ ಮಾತುಕತೆ ನಡೆಯದಿದ್ದರೆ ಅವಳಿಗೆ ಆಯ್ಕೆಯೇ ಇರುತ್ತಿರಲಿಲ್ಲ.

ವೈದ್ಯವಿಜ್ಞಾನದಲ್ಲಿ ಅನಿಶ್ಚಿತತೆ ಸಹಜ. ಅದನ್ನು ರೋಗಿಯಿಂದ ಮುಚ್ಚಿಡುತ್ತ ವೈದ್ಯರು ಕೊನೆಗೆ ತಮ್ಮಿಂದಲೂ ಮುಚ್ಚಿಟ್ಟುಕೊಳ್ಳುತ್ತಾರೆ ಎಂಬುದು ಕಾಟ್ಜ್ ವಾದ. ನಮೂನೆಯೊಂದಕ್ಕೆ ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಪಡೆದಂತಾಗದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ, ರೋಗಿಯ ಮಾತನ್ನೂ ಕೇಳಿ, ಇಬ್ಬರೂ ಸೇರಿ ತೀರ್ಮಾನಿಸಬೇಕು.

1994ರಲ್ಲಿ ಸರ್ಕಾರ ಶೀತಲ ಸಮರ ಕಾಲದ ವಿಕಿರಣ ಪ್ರಯೋಗಗಳ ಪರಿಶೀಲನೆಗೆ ನೇಮಿಸಿದ ಸಮಿತಿಯಲ್ಲೂ ಅವರಿದ್ದರು. ಅದರ ಶಿಫಾರಸುಗಳು ಸಾಲವೆಂದು ಅಲ್ಲಿಯೂ ಪ್ರತ್ಯೇಕ ಹೇಳಿಕೆ ದಾಖಲಿಸಿದರು. 2008ರಲ್ಲಿ ಅವರು ತೀರಿಕೊಂಡರು. ರೋಗಿಯ ಒಪ್ಪಿಗೆಯ ಕುರಿತ ಚರ್ಚೆಗಳಲ್ಲಿ ‘ಮೌನ ಜಗತ್ತು’ ಇಂದಿಗೂ ಮೂಲಪಠ್ಯವಾಗಿ ಉಳಿದಿದೆ.