ಸೈಟು ತೋರಿಸುವವರ ಮೇಲಿನ ನಂಬಿಕೆ

ಬೆಂಗಳೂರಿನ ಟು-ಲೆಟ್ ಬೋರ್ಡುಗಳಲ್ಲಿ ಫೋನ್ ನಂಬರಿನ ಕೆಳಗೆ ಇನ್ನೊಂದು ಸಾಲು ಇರುವುದುಂಟು: ಬ್ರೋಕರ್‌ಗಳು ಫೋನ್ ಮಾಡಬೇಡಿ. ಡಾಕ್ಟರು, ವಕೀಲರು, ಮೇಸ್ತ್ರಿಗಳ ಬಗ್ಗೆ ಜನರಿಗೆ ಎಷ್ಟೇ ದೂರುಗಳಿದ್ದರೂ ಬೋರ್ಡು ಬರೆಸಿ ಅವರನ್ನು ಯಾರೂ ದೂರ ಇಟ್ಟಿಲ್ಲ. ಅದೇ ಜನ ಸೈಟು ಕೊಳ್ಳಲು ಹೊರಟಾಗ, ಊರಿನಿಂದ ಬಂದ ಮಗನಿಗೆ ಆಫೀಸಿನ ಹತ್ತಿರ ಮನೆ ಹುಡುಕುವಾಗ ಮೊದಲು ಕೇಳುವುದು, "ಯಾರಾದ್ರೂ ಒಳ್ಳೆ ಬ್ರೋಕರ್ ಗೊತ್ತಾ?" ಎಂದು.

ಬೇಕು, ಆದರೆ ನಂಬಿಕೆಯಿಲ್ಲ. ಈ ಸ್ಥಿತಿಗೆ ಕಾರಣ ಆ ಕಸುಬಿನವರ ಗುಣವಲ್ಲ, ಕಸುಬು ನಡೆದುಬಂದ ರೀತಿ. ದಶಕಗಳ ಕಾಲ ಇದಕ್ಕೆ ಲೈಸೆನ್ಸ್ ಇರಲಿಲ್ಲ, ತರಬೇತಿ ಇರಲಿಲ್ಲ, ತಪ್ಪು ಮಾಡಿದರೆ ದೂರು ಕೊಡಲು ಒಂದು ಜಾಗವೂ ಇರಲಿಲ್ಲ. ಜೆರಾಕ್ಸ್ ಅಂಗಡಿ ಇಟ್ಟವರು, ಕೆಲಸದಿಂದ ನಿವೃತ್ತರಾದವರು, ಕಾರು ಓಡಿಸುವವರು, ಹೀಗೆ ಯಾರು ಬೇಕಾದರೂ ಬ್ರೋಕರ್ ಆಗಬಹುದಿತ್ತು. ಬಾಡಿಗೆ ಮನೆಯಾದರೆ ಒಂದು ತಿಂಗಳ ಬಾಡಿಗೆ, ಮಾರಾಟವಾದರೆ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ರೂಪಾಯಿ ಕಮಿಷನ್. ಅದೂ ವ್ಯವಹಾರ ಕುದುರಿದರೆ ಮಾತ್ರ. ಆರು ತಿಂಗಳು ಪಾರ್ಟಿಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದರೂ ಕೊನೆಯಲ್ಲಿ ಅವರು ಬೇಡ ಎಂದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. "ಈ ಪತ್ರದಲ್ಲಿ ತೊಂದರೆ ಇದೆ, ತಗೋಬೇಡಿ" ಎಂದು ನಿಜ ಹೇಳಿದವನಿಗೆ ನಷ್ಟ. "ಇವತ್ತೇ ಟೋಕನ್ ಹಾಕಿ ಸಾರ್, ಇನ್ನೊಂದು ಪಾರ್ಟಿ ಕಾಯ್ತಾ ಇದೆ" ಎಂದವನಿಗೆ ಲಾಭ. ಕೆಟ್ಟ ಹೆಸರಿನ ಬೇರು ಇಲ್ಲಿದೆ.

ಅದರ ಫಲವನ್ನು ನಗರದ ಅಂಚಿನಲ್ಲಿ ಕಾಣಬಹುದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದವು. ಭೂಪರಿವರ್ತನೆಯಾಗದ, ನಕ್ಷೆಗೆ ಮಂಜೂರಾತಿ ಇಲ್ಲದ ರೆವಿನ್ಯೂ ಸೈಟುಗಳು ನಗರದ ಎಲ್ಲ ದಿಕ್ಕುಗಳಲ್ಲೂ ಕೈ ಬದಲಾದವು. ಎಷ್ಟೋ ಕಡೆ ಕ್ರಯಪತ್ರದ ಬದಲು ಜಿಪಿಎ, ಅಂದರೆ ಅಧಿಕಾರಪತ್ರ, ಬರೆಸಿಕೊಂಡೇ ಮಾರಾಟ ಮುಗಿಯಿತು. ಜಿಪಿಎ ಮೂಲಕ ಆಸ್ತಿಯ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಡಾಖಂಡಿತವಾಗಿ ಹೇಳಿತು. ಅಷ್ಟರಲ್ಲಿ ಜೀವಮಾನದ ಉಳಿತಾಯ ಹಾಕಿದ್ದ ಸಂಸಾರಗಳು ಬಹಳ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಎನ್ನುವ 1978ರ ಪಿಟಿಸಿಎಲ್ ಕಾಯ್ದೆಯ ವಿಷಯವನ್ನು ಕೊಳ್ಳುವವರಿಗೆ ಬಾಯಿಬಿಟ್ಟು ಹೇಳದ ಮಧ್ಯವರ್ತಿಗಳೂ ಇದ್ದರು.

ಬದಲಾವಣೆ ಮೂರು ದಿಕ್ಕಿನಿಂದ ಬಂತು. ಮೊದಲನೆಯದು ಕಾನೂನು. 2016ರಲ್ಲಿ ಸಂಸತ್ತು ಒಪ್ಪಿದ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, 2017ರ ಮೇ 1ರಿಂದ ಪೂರ್ತಿ ಜಾರಿಯಾಯಿತು. ಅದರ ಪ್ರಕಾರ ಬಡಾವಣೆ ಅಥವಾ ಅಪಾರ್ಟ್‌ಮೆಂಟಿನ ಯೋಜನೆ ನೋಂದಣಿಯಾಗದಿದ್ದರೆ ಏಜೆಂಟ್ ಅದನ್ನು ಮಾರಿಸುವಂತಿಲ್ಲ. ಏಜೆಂಟ್ ತಾನೂ ನೋಂದಾಯಿಸಿಕೊಳ್ಳಬೇಕು, ಲೆಕ್ಕಪತ್ರ ಇಡಬೇಕು, ಇಲ್ಲದ ಸೌಕರ್ಯ ಇದೆ ಎಂದು ಹೇಳುವಂತಿಲ್ಲ. ಕರ್ನಾಟಕದ ನಿಯಮಗಳಲ್ಲಿ ಒಬ್ಬ ವ್ಯಕ್ತಿಗೆ ನೋಂದಣಿ ಶುಲ್ಕ 25,000 ರೂಪಾಯಿ ಎಂದು ಗೊತ್ತುಮಾಡಲಾಯಿತು. ನಿಯಮ ಮೀರಿದರೆ ದಿನಕ್ಕೆ 10,000 ರೂಪಾಯಿ ದಂಡ. ಅದು ಆ ಆಸ್ತಿಯ ಬೆಲೆಯ ಶೇ 5ರವರೆಗೂ ಏರಬಹುದು.

ಎರಡನೆಯದು ಮೊಬೈಲ್. 2014ರಲ್ಲಿ ಹುಟ್ಟಿದ ನೋಬ್ರೋಕರ್ ಕಂಪನಿ ತನ್ನ ಹೆಸರಿನಲ್ಲೇ ಬ್ರೋಕರ್‌ಗಳನ್ನು ಬಿಟ್ಟು ನಡೆಯುವ ಮಾತಾಡಿತು. ಮಾಲೀಕರನ್ನೂ ಬಾಡಿಗೆದಾರರನ್ನೂ ನೇರ ಸೇರಿಸುವುದು ಅದರ ಕೆಲಸ. ಸಿಟ್ಟಿಗೆದ್ದ ಬ್ರೋಕರ್‌ಗಳು 2015ರಲ್ಲಿ ಅದರ ಬೆಂಗಳೂರು ಕಚೇರಿಗೆ ನುಗ್ಗಿ ಗಲಾಟೆ ಮಾಡಿದರು. ಅನ್ನ ಹೋಗುತ್ತದೆ ಎಂಬ ಭಯ ಅರ್ಥವಾಗುವಂಥದ್ದು, ಆದರೆ ಆ ಗಲಾಟೆ ಇಡೀ ಕಸುಬಿನ ಹೆಸರಿಗೇ ಪೆಟ್ಟು ಕೊಟ್ಟಿತು. ಕಂಪನಿ 2021ರಲ್ಲಿ ನೂರು ಕೋಟಿ ಡಾಲರ್ ಮೌಲ್ಯ ದಾಟಿತು. ಇಂದು ಅದೇ ಕಂಪನಿಗೆ ಹಣ ಕಟ್ಟಿದರೆ ಮನೆ ಹುಡುಕಿಕೊಡುವ, ಮಾಲೀಕರ ಜೊತೆ ಮಾತಾಡಿಕೊಡುವ ಸಹಾಯಕರೂ ಸಿಗುತ್ತಾರೆ. ನಡುವೆ ಒಬ್ಬ ಮನುಷ್ಯ ಬೇಕು ಎನ್ನುವುದು ತಂತ್ರಜ್ಞಾನದ ಕಾಲದಲ್ಲೂ ನಿಂತಿದೆ.

ಮೂರನೆಯದು, ಸರ್ಕಾರಿ ದಾಖಲೆಗಳು ತೆರೆದುಕೊಂಡದ್ದು. ಪಹಣಿ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ. 2023ರಲ್ಲಿ ಬಂದ ನೋಂದಣಿ ಇಲಾಖೆಯ ಕಾವೇರಿ 2.0ರಲ್ಲಿ ಇಸಿಗೆ, ಅಂದರೆ ಋಣಭಾರ ಪತ್ರಕ್ಕೆ, ಮನೆಯಿಂದಲೇ ಅರ್ಜಿ ಹಾಕಬಹುದು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಮೊದಲು "ಸಬ್‌ ರಿಜಿಸ್ಟ್ರಾರ್ ಆಫೀಸಲ್ಲಿ ನಮ್ಮವರಿದ್ದಾರೆ" ಎನ್ನುವುದೇ ಬ್ರೋಕರನ ಬಂಡವಾಳವಾಗಿತ್ತು. ಆ ಬಂಡವಾಳ ಈಗ ಕರಗುತ್ತಿದೆ.

ಹಾಗಾದರೆ ಉಳಿಯುವವರು ಯಾರು? ಕಾಗದ ಓದಬಲ್ಲವರು. ಹಳೆಯ ಬಡಾವಣೆಯೊಂದರಲ್ಲಿ ತಂದೆಯ ಕಾಲದ ಮನೆಯನ್ನು ಮಾರಲು ಇಬ್ಬರು ಅಣ್ಣತಮ್ಮಂದಿರು ಬಂದರು ಎಂದುಕೊಳ್ಳಿ. ಖಾತಾ ಸರಿಯಿದೆ, ಕಂದಾಯ ಕಟ್ಟಿದೆ, ಇಸಿಯಲ್ಲಿ ಸಾಲ ಕಾಣುವುದಿಲ್ಲ. ಅವಸರದ ಬ್ರೋಕರ್ ಅಲ್ಲೇ ಟೋಕನ್ ಹಾಕಿಸುತ್ತಾನೆ. ಬಲ್ಲವನು ವಂಶವೃಕ್ಷ ಕೇಳುತ್ತಾನೆ. ಅದರಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಹೋದ ಅಕ್ಕನ ಹೆಸರು ಕಾಣುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಸಮಪಾಲು ಕೊಟ್ಟಿದೆ; ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆಸ್ತಿ ತಂದೆಯ ಸ್ವಯಾರ್ಜಿತವೇ ಆಗಿದ್ದು ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೂ ಮಗಳಿಗೆ ಪಾಲಿದೆ. "ಅಕ್ಕನ ಸಹಿ ಇಲ್ಲದೆ ಇದು ಆಗೋದಿಲ್ಲ" ಎಂದು ಆತ ಹೇಳಿದರೆ ವ್ಯವಹಾರ ಒಂದೆರಡು ತಿಂಗಳು ಮುಂದಕ್ಕೆ ಹೋಗಬಹುದು, ಮುರಿದೂ ಬೀಳಬಹುದು. ಆದರೆ ಕೊಂಡವರು ಮುಂದೆ ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ. ಈ ಕೆಲಸವನ್ನು ಯಾವ ಆ್ಯಪ್ ಕೂಡ ಇಷ್ಟು ಚೆನ್ನಾಗಿ ಮಾಡುವುದಿಲ್ಲ. ಪ್ರತಿ ಊರಿನಲ್ಲೂ ಇಂಥವರು ಇದ್ದಾರೆ, ಅವರಿಗೆ ಬೋರ್ಡೂ ಬೇಕಿಲ್ಲ. ಒಂದು ಮನೆಯವರು ಇನ್ನೊಂದು ಮನೆಗೆ ಹೇಳಿ ಕಳಿಸುತ್ತಾರೆ. ಕಮಿಷನ್ ಕೊಡುವಾಗ ಯಾರೂ ಗೊಣಗುವುದಿಲ್ಲ.

ಆದರೆ ಒಳ್ಳೆಯವರು ಸಿಗುವುದು ಅದೃಷ್ಟಕ್ಕೆ ಬಿಟ್ಟ ವಿಷಯವಾಗಬಾರದು. ರೇರಾ ಹಿಡಿತ ಇರುವುದು ಬಿಲ್ಡರ್‌ಗಳ ಹೊಸ ಯೋಜನೆಗಳ ಮಾರಾಟದ ಮೇಲೆ. ಸಾಮಾನ್ಯ ಜನರಿಗೆ ಹೆಚ್ಚಾಗಿ ಬ್ರೋಕರ್‌ಗಳು ಎದುರಾಗುವ ಬಾಡಿಗೆ ಮನೆ, ಹಳೆಯ ಮನೆ, ಬಿಡಿ ಸೈಟಿನ ವ್ಯವಹಾರ ಅದರ ಹೊರಗೇ ಉಳಿದಿದೆ. ನೋಂದಣಿಗೂ ಶುಲ್ಕ ಮತ್ತು ದಾಖಲೆ ಸಾಕು, ಜ್ಞಾನ ಇದೆಯೇ ಎಂದು ಯಾರೂ ಕೇಳಬೇಕಿಲ್ಲ. ಮಹಾರಾಷ್ಟ್ರ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿನ ರೇರಾ ಪ್ರಾಧಿಕಾರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಪಾಸಾದವರಿಗೆ ಮಾತ್ರ ಪ್ರಮಾಣಪತ್ರ. ಕರ್ನಾಟಕವೂ ಇದನ್ನು ಮಾಡಬೇಕು. ಪಹಣಿ, ಖಾತಾ, ಭೂಪರಿವರ್ತನೆ, ಪಿಟಿಸಿಎಲ್, ವಾರಸುದಾರಿಕೆ ಇವಿಷ್ಟನ್ನು ಕನ್ನಡದಲ್ಲೇ ಕಲಿಸಿ ಪರೀಕ್ಷೆ ಇಡಬೇಕು. ಇದರಿಂದ ಮೊದಲು ಗೆಲ್ಲುವವರು ಪ್ರಾಮಾಣಿಕ ಬ್ರೋಕರ್‌ಗಳೇ.

ಅಲ್ಲಿಯವರೆಗೆ ಓದುಗರು ಒಂದೆರಡು ಕೆಲಸ ಮಾಡಬಹುದು. ಹೊಸ ಬಡಾವಣೆ ಅಥವಾ ಫ್ಲ್ಯಾಟ್ ತೋರಿಸುವವರ ರೇರಾ ನೋಂದಣಿ ಸಂಖ್ಯೆ ಕೇಳಿ, ಕರ್ನಾಟಕ ರೇರಾ ಜಾಲತಾಣದಲ್ಲಿ ಹೋಲಿಸಿ ನೋಡಿ. ಟೋಕನ್ ಹಣವನ್ನು ನಗದಾಗಿ ಕೊಡಬೇಡಿ; ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದಲೇ ತಡೆದಿದೆ. ಕಮಿಷನ್ ಎಷ್ಟು, ಯಾವಾಗ ಎನ್ನುವುದನ್ನು ಮೊದಲೇ ಬರೆದುಕೊಳ್ಳಿ, ಮತ್ತು ಎಲ್ಲ ಪತ್ರಗಳನ್ನು ನಿಮ್ಮದೇ ವಕೀಲರಿಗೆ ತೋರಿಸಿದ ಮೇಲಷ್ಟೇ ಮುಂಗಡ ಕೊಡಿ.