ಬಿಲ್ಲು ರೋಮನ್ನರದು, ಬಾಣ ಫ್ರಾಂಕರದು

ಫ್ರೆಂಚಿನಲ್ಲಿ ಬಿಲ್ಲಿಗೆ ‘ಆರ್ಕ್’, ಬಾಣಕ್ಕೆ ‘ಫ್ಲೆಶ್’. ಒಂದನ್ನು ಬಿಟ್ಟು ಇನ್ನೊಂದಕ್ಕೆ ಕೆಲಸವೇ ಇಲ್ಲ. ಆದರೂ ಈ ಎರಡು ಪದಗಳ ವಂಶ ಬೇರೆ ಬೇರೆ. ‘ಆರ್ಕ್’ ಲ್ಯಾಟಿನ್ನಿನ ‘ಆರ್ಕಸ್’ನಿಂದ ಇಳಿದು ಬಂದದ್ದು, ‘ಫ್ಲೆಶ್’ಗೂ ಲ್ಯಾಟಿನ್ನಿಗೂ ನಂಟಿಲ್ಲ.

ಲ್ಯಾಟಿನ್ನಿನಲ್ಲಿ ಬಾಣಕ್ಕೆ ಪದವಿರಲಿಲ್ಲವೇ? ಇತ್ತು. ‘ಸಗಿಟ್ಟಾ’ ಎಂಬ ಆ ಪದ ಜನರ ಬಾಯಲ್ಲಿ ಸವೆದು ಹಳೆಯ ಫ್ರೆಂಚಿನಲ್ಲಿ ‘ಸಾಯೆತ್’ ಆಯಿತು. ಇಟಲಿಯಲ್ಲಿ ಅದೇ ‘ಸಾಯೆತ್ತಾ’. ಅಲ್ಲಿ ಸಿಡಿಲಿಗೂ ಅದೇ ಹೆಸರು.

ಹೊಸ ಪದ ತಂದವರು ಫ್ರಾಂಕರು. ಜರ್ಮಾನಿಕ್ ಭಾಷೆಯಾಡುತ್ತಿದ್ದ ಈ ಜನರ ರಾಜ ಕ್ಲೋವಿಸ್ 486ರಲ್ಲಿ ಸ್ವಾಸೋಂ ಬಳಿ ರೋಮನ್ ಆಡಳಿತಗಾರ ಸಿಯಾಗ್ರಿಯಸ್‌ನನ್ನು ಸೋಲಿಸಿ, ಇಂದಿನ ಫ್ರಾನ್ಸ್ ಇರುವ ಗಾಲ್ ಪ್ರಾಂತ್ಯದಲ್ಲಿ ಉಳಿದಿದ್ದ ರೋಮನ್ ಆಳ್ವಿಕೆಯನ್ನು ಕೊನೆಗಾಣಿಸಿದ. ಗೆದ್ದವರು ಕಾಲಕ್ರಮೇಣ ಸೋತವರ ಮಾತನ್ನೇ ತಮ್ಮದಾಗಿಸಿಕೊಂಡರು. ಆದರೆ ತಮ್ಮ ನುಡಿಯ ಎಷ್ಟೋ ಪದಗಳನ್ನು, ಅದರಲ್ಲೂ ಕಾಳಗದ ಪದಗಳನ್ನು, ಅದರೊಳಗೆ ಬಿಟ್ಟುಹೋದರು. ಯುದ್ಧಕ್ಕೆ ‘ಗೇರ್’, ಶಿರಸ್ತ್ರಾಣಕ್ಕೆ ‘ಓಮ್’, ಸವಾರನ ಹಿಮ್ಮಡಿಯ ಮುಳ್ಳಿಗೆ ‘ಎಪೆರೋಂ’: ಎಲ್ಲವೂ ಫ್ರಾಂಕರ ಕೊಡುಗೆ.

‘ಫ್ಲೆಶ್’ನ ಮೂಲರೂಪ ‘ಫ್ಲಿಯುಗಿಕಾ’ ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಇದು ಯಾವ ಶಾಸನದಲ್ಲೂ ಸಿಕ್ಕ ಪದವಲ್ಲ. ಡಚ್ಚಿನಂಥ ಸೋದರ ಭಾಷೆಗಳ ಪದಗಳನ್ನು ಹೋಲಿಸಿ ಕಟ್ಟಿಕೊಂಡ ರೂಪ. ಅರ್ಥ, ಹಾರುವಂಥದ್ದು. ಇಂಗ್ಲಿಷಿನ ‘ಫ್ಲೈ’ ಕೂಡ ಇದೇ ಬಳ್ಳಿಯದು. ಬಾಣಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ತೋಚದು.

ಸಾಯೆತ್ ಮತ್ತು ಫ್ಲೆಶ್ ಕೆಲಕಾಲ ಜೊತೆಯಲ್ಲೇ ಬಾಳಿದವು. ಕೊನೆಗೆ ಸಾಯೆತ್ ಬಳಕೆಯಿಂದ ಜಾರಿತು. ನಾವು ಧನು ಎನ್ನುವ ರಾಶಿಗೆ ಫ್ರೆಂಚರು ಹೇಳುವ ‘ಸಜಿತೇರ್’ನಲ್ಲಿ ಲ್ಯಾಟಿನ್ ಬಾಣ ಇಂದಿಗೂ ಉಳಿದಿದೆ, ಅಷ್ಟೇ. ಫ್ಲೆಶ್ ಮಾತ್ರ ಗಡಿ ದಾಟಿ ಸ್ಪೇನಿನಲ್ಲಿ ‘ಫ್ಲೆಚಾ’ ಆಯಿತು, ಲ್ಯಾಟಿನ್ನಿನ ತವರಾದ ಇಟಲಿಯಲ್ಲೇ ‘ಫ್ರೆಚ್ಚಾ’ ಆಗಿ ನೆಲೆಯೂರಿತು. ಸಾಮ್ರಾಜ್ಯ ಗೆದ್ದದ್ದಕ್ಕಿಂತ ಇದು ದೊಡ್ಡ ಗೆಲುವು ಎಂದೇ ನನ್ನ ಎಣಿಕೆ.

ಇಂಗ್ಲೆಂಡಿನ ಕಥೆ ಇನ್ನೂ ಸೊಗಸು. ಅಲ್ಲಿನ ‘ಆರೋ’ ಹಳೆಯ ಜರ್ಮಾನಿಕ್ ಪದ. ಲ್ಯಾಟಿನ್ನಿನ ಬಿಲ್ಲಾದ ‘ಆರ್ಕಸ್’ಗೆ ದೂರದ ದಾಯಾದಿ. ಬಾಣಕ್ಕೆ ತನ್ನದೇ ಪದ ಇಟ್ಟುಕೊಂಡ ಇಂಗ್ಲಿಷ್, ಬಾಣ ಮಾಡುವವನಿಗೆ ಮಾತ್ರ ಫ್ರೆಂಚಿನಿಂದ ‘ಫ್ಲೆಚರ್’ ಎಂಬ ಹೆಸರನ್ನು ಪಡೆಯಿತು. ಲಂಡನ್ನಿನಲ್ಲಿ ಬಿಲ್ಲು ಮಾಡುವವರೂ ಬಾಣ ಮಾಡುವವರೂ 1371ರಲ್ಲಿ ಬೇರೆ ಬೇರೆ ಕಸುಬಿನವರಾದರು. ಫ್ಲೆಚರ್‌ಗಳ ಸಂಘ ಇಂದಿಗೂ ಅಲ್ಲಿದೆ.